ಮನೆಯ ಗ್ಯಾರೇಜಿಗೆ ಟು-ಪೋಸ್ಟ್ ಲಿಫ್ಟ್: ಮೊದಲು ನೆಲ, ಆಮೇಲೆ ಸೂರು, ಕೊನೆಗೆ ಯಂತ್ರ

ಎರಡು ಕಂಬಗಳ ನಡುವೆ ಕಾರನ್ನು ಮೇಲೆತ್ತುವ ಟು-ಪೋಸ್ಟ್ ಲಿಫ್ಟ್ ಕೊಳ್ಳಲು ಹೊರಟವರು ಅಂಗಡಿಯಲ್ಲಿ ಮೊದಲು ಕೇಳುವುದು ‘ಎಷ್ಟು ಟನ್ನಿನದು?’ ಎಂದು. ಮನೆಯ ಮಟ್ಟಿಗೆ ಈ ಪ್ರಶ್ನೆಗೆ ಉತ್ತರ ಸುಲಭ. ಸ್ವಿಫ್ಟ್‌ನಂಥ ಕಾರು ಒಂಬೈನೂರು ಕೆ.ಜಿ. ಆಸುಪಾಸು ತೂಗುತ್ತದೆ, ಇನ್ನೋವಾ ಕ್ರಿಸ್ಟಾ ಸುಮಾರು 1,800 ಕೆ.ಜಿ., ಫಾರ್ಚುನರ್ ಎರಡು ಟನ್ನಿಗಿಂತ ಸ್ವಲ್ಪ ಮೇಲೆ. ಮಾರುಕಟ್ಟೆಯಲ್ಲಿ ಹೆಚ್ಚಾಗಿ ಸಿಗುವುದು 4 ಟನ್ನಿನ ಲಿಫ್ಟ್. ಮನೆಯವರ ಯಾವ ಕಾರಿಗೂ ಅದು ಸಾಕು. ಕಷ್ಟದ ಪ್ರಶ್ನೆಗಳು ಬೇರೆ ಇವೆ: ಕಂಬ ನಿಲ್ಲುವ ಜಾಗದಲ್ಲಿ ಟೈಲ್ಸಿನ ಕೆಳಗೆ ಏನಿದೆ, ನೆಲದಿಂದ ತೊಲೆಯ ತಳಕ್ಕೆ ಎಷ್ಟು ಎತ್ತರ, ಕರೆಂಟು ಹೋದಾಗ ಮೇಲಿರುವ ಕಾರನ್ನು ಇಳಿಸುವುದು ಹೇಗೆ. ಇವಕ್ಕೆ ಉತ್ತರ ಸಿಕ್ಕ ಮೇಲೆ ಯಾವ ಮಾಡೆಲ್ ಎಂಬುದು ಮುಕ್ಕಾಲು ಪಾಲು ತಾನಾಗಿ ತೀರ್ಮಾನವಾಗಿರುತ್ತದೆ.

ನೆಲಕ್ಕೆ ಇಷ್ಟು ಮಹತ್ವ ಏಕೆ

ನಾಲ್ಕು ಕಂಬದ ಲಿಫ್ಟಿನಲ್ಲಿ ಕಾರು ಹಲಗೆಯಂಥ ಹಳಿಗಳ ಮೇಲೆ ನಿಂತಿರುತ್ತದೆ. ಭಾರ ನಾಲ್ಕು ಮೂಲೆಗೆ ಹಂಚಿ ನೇರವಾಗಿ ಕೆಳಗಿಳಿಯುತ್ತದೆ. ಎರಡು ಕಂಬದ್ದು ಹಾಗಲ್ಲ. ಇಲ್ಲಿ ಪ್ರತಿ ಕಂಬದಿಂದ ಎರಡು ತೋಳು ಒಳಕ್ಕೆ ಚಾಚಿಕೊಂಡು ಕಾರಿನ ಅಂಚನ್ನು ಹಿಡಿಯುತ್ತವೆ. ಆ ತೋಳಿನ ತುದಿಗೆ ಆಧಾರವೇ ಇಲ್ಲ. ಹಾಗಾಗಿ ಕಂಬಕ್ಕೆ ಬೀಳುವುದು ಬರೀ ತೂಕವಲ್ಲ, ಒಳಕ್ಕೆ ಬಾಗಿಸುವ ಎಳೆತವೂ ಹೌದು.

ಲೆಕ್ಕ ಹಾಕಿ ನೋಡಿದರೆ ಸ್ಪಷ್ಟವಾಗುತ್ತದೆ. ಎರಡು ಟನ್ನಿನ ಕಾರು ಎಂದರೆ ಒಂದೊಂದು ಕಂಬಕ್ಕೆ ಒಂದು ಟನ್. ಕಂಬಗಳ ನಡುವೆ 2.8 ಮೀಟರ್ ಅಂತರ, ಕಾರಿನ ಎರಡು ಬದಿಯ ಜ್ಯಾಕ್ ಪಾಯಿಂಟುಗಳ (ಎತ್ತಲೆಂದು ಕಂಪನಿ ಗುರುತಿಸಿದ ಜಾಗಗಳ) ನಡುವೆ 1.4 ಮೀಟರ್ ಎಂದಿಟ್ಟುಕೊಂಡರೆ ತೂಕ ಬೀಳುವ ಜಾಗ ಕಂಬದಿಂದ 70 ಸೆಂ.ಮೀ. ಒಳಗಿದೆ. ಕಂಬದ ತಳದ ಪ್ಲೇಟಿನ ಒಳ ಅಂಚಿನಿಂದ ಅಳೆದರೆ ಸುಮಾರು 60 ಸೆಂ.ಮೀ. ಪ್ಲೇಟು ಆ ಅಂಚಿನ ಮೇಲೆ ಮಗುಚಲು ನೋಡುತ್ತದೆ. ಅದನ್ನು ತಡೆದು ಹಿಡಿಯಬೇಕಾದವು 35 ಸೆಂ.ಮೀ. ಆಚೆಗಿರುವ ಹೊರಸಾಲಿನ ಆಂಕರ್ ಬೋಲ್ಟುಗಳು, ಅಂದರೆ ಪ್ಲೇಟನ್ನು ನೆಲದ ಕಾಂಕ್ರೀಟಿಗೆ ಕಚ್ಚಿಸುವ ಬೋಲ್ಟುಗಳು. ಕಂಬದ ಸ್ವಂತ ತೂಕ ಕಳೆದರೂ ಆ ಬೋಲ್ಟುಗಳ ಮೇಲೆ ಒಟ್ಟು ಒಂದೂವರೆ ಟನ್ನಿನಷ್ಟು ಮೇಲೆಳೆತ ಬೀಳುತ್ತದೆ. ಮೇಲ್ಗಡೆ ಎರಡು ಕಂಬಗಳನ್ನು ಜೋಡಿಸುವ ಅಡ್ಡತೊಲೆ ಇದ್ದರೆ ಒಳಬಾಗಿನ ಒಂದಷ್ಟು ಪಾಲನ್ನು ಅದು ಹೊರಬಹುದು. ಆದರೆ ಕಾರು ಹಿಂದಕ್ಕೋ ಮುಂದಕ್ಕೋ ವಾಲಿದಾಗಿನ ಎಳೆತಕ್ಕೆ ಅಡ್ಡತೊಲೆಯಿಂದ ಉಪಯೋಗವಿಲ್ಲ. ಅದಷ್ಟೂ ಕಾಂಕ್ರೀಟಿನ ಪಾಲಿಗೇ.

ಇನ್ನು ನಮ್ಮ ಮನೆಗಳ ನೆಲ ನೋಡಿ. ಪೋರ್ಟಿಕೊದಲ್ಲಾಗಲಿ ಕಾರ್ ಶೆಡ್ಡಿನಲ್ಲಾಗಲಿ ಸಾಮಾನ್ಯವಾಗಿ ಇರುವುದು ತುಂಬಿದ ಮಣ್ಣಿನ ಮೇಲೆ ಮೂರು ನಾಲ್ಕು ಇಂಚಿನ ಬೆಡ್ ಕಾಂಕ್ರೀಟು. ದಪ್ಪ ಜಲ್ಲಿ ಹಾಕಿ 1:4:8 ಪ್ರಮಾಣದಲ್ಲಿ ಕಲಸಿದ್ದು. ಅದರ ಮೇಲೆ ಒಂದೂವರೆ ಎರಡು ಇಂಚು ಗಾರೆ, ಗಾರೆಯ ಮೇಲೆ ಪಾರ್ಕಿಂಗ್ ಟೈಲ್ಸು. ಕಾರು ಹತ್ತಿಳಿಯಲು ಇದು ಧಾರಾಳವಾಗಿ ಸಾಕು. ಆಂಕರ್ ಬೋಲ್ಟು ಹಿಡಿಯಲು ಇದು ನೆಲವೇ ಅಲ್ಲ. ಬೋಲ್ಟು 5 ಇಂಚು ಉದ್ದವಿದ್ದರೆ ಅದರ ಮೊದಲ ಎರಡು ಇಂಚು ಟೈಲ್ಸು ಮತ್ತು ಗಾರೆಯಲ್ಲೇ ಕಳೆದುಹೋಗುತ್ತದೆ, ಉಳಿದದ್ದು ಪುಡಿಯಾಗುವ ಕಾಂಕ್ರೀಟಿನಲ್ಲಿ ಕೂರುತ್ತದೆ. ಕಾರು ಎತ್ತಿದ ಮೊದಲ ದಿನವೇ ಅದು ಕಿತ್ತುಬರಬೇಕೆಂದಿಲ್ಲ. ದಿನಾ ಒಂದು ಕೂದಲೆಳೆಯಷ್ಟು ಸಡಿಲವಾಗುತ್ತ ಹೋಗುವುದೇ ಹೆಚ್ಚು ಅಪಾಯ.

ಅದಕ್ಕಿಂತ ದೊಡ್ಡ ಅಪಾಯ ಸಂಪು. ಬೆಂಗಳೂರು, ಮೈಸೂರಿನ ಬಹಳಷ್ಟು ಮನೆಗಳಲ್ಲಿ ನೀರಿನ ಸಂಪು ಇರುವುದೇ ಕಾರು ನಿಲ್ಲಿಸುವ ಜಾಗದ ಕೆಳಗೆ. ಮುಚ್ಚಳ ಒಂದು ಮೂಲೆಯಲ್ಲಿ ಎರಡಡಿಯಷ್ಟೇ ಕಾಣುತ್ತದೆ, ತೊಟ್ಟಿ ಮಾತ್ರ ಆರೆಂಟು ಅಡಿ ಆಚೆಗೂ ಚಾಚಿರುತ್ತದೆ. ಸಂಪಿನ ಮೇಲಿನ ಸ್ಲ್ಯಾಬಿಗೆ ಕಂಬ ನೆಡಲೇಬಾರದು. ಸಂಪಿನ ಗೋಡೆಗೆ ಅಂಟಿಕೊಂಡ ಜಾಗವೂ ಬೇಡ, ಗೋಡೆಯ ಹೊರಬದಿಗೆ ತುಂಬಿದ ಮಣ್ಣು ಕುಸಿಯುವಂಥದು. ಮುಚ್ಚಳ ತೆಗೆದು ಒಳಗಿನಿಂದ ನಾಲ್ಕೂ ಬದಿ ಅಳತೆ ತೆಗೆದು, ಸೀಮೆಸುಣ್ಣದಲ್ಲಿ ಮೇಲಿನ ನೆಲದ ಮೇಲೆ ಗುರುತು ಮಾಡಿ. ಇಂಗುಗುಂಡಿ, ಒಳಚರಂಡಿಯ ಛೇಂಬರು, ಪೈಪಿನ ಸಾಲು ಎಲ್ಲವನ್ನೂ ಹಾಗೆಯೇ ಗುರುತಿಸಿ. ಕಂಬದ ಜಾಗ ಆಮೇಲೆ. ಬೇಸ್‌ಮೆಂಟಿನ ಮೇಲಿನ ಸ್ಲ್ಯಾಬಿನಲ್ಲಿ ಕಾರು ನಿಲ್ಲಿಸುವ ಮನೆಯಾದರೆ ಸ್ಟ್ರಕ್ಚರಲ್ ಎಂಜಿನಿಯರ್ ನೋಡಿ ಬರೆದುಕೊಡದೆ ಒಂದು ತೂತನ್ನೂ ಕೊರೆಯಬಾರದು.

ಹುಬ್ಬಳ್ಳಿ-ಧಾರವಾಡ, ವಿಜಯಪುರ, ಕಲಬುರಗಿ ಕಡೆಯ ಎರೆಭೂಮಿಯಲ್ಲಿ ಇನ್ನೊಂದು ತೊಡಕು. ಮಳೆಗಾಲಕ್ಕೆ ಆ ಮಣ್ಣು ಉಬ್ಬುತ್ತದೆ, ಬೇಸಿಗೆಗೆ ಬಿರುಕು ಬಿಟ್ಟು ಕುಗ್ಗುತ್ತದೆ. ಎರಡು ಕಂಬಕ್ಕೆ ಬೇರೆ ಬೇರೆ ಪಾದ ಹಾಕಿದರೆ ಒಂದು ಮೇಲೆದ್ದು ಇನ್ನೊಂದು ಇಳಿಯಬಹುದು. ಎರೆಮಣ್ಣನ್ನು ಸಾಕಷ್ಟು ಆಳ ತೆಗೆದು, ಗರಸು ತುಂಬಿ, ಪದರ ಪದರವಾಗಿ ನೀರು ಬಿಟ್ಟು ದಮ್ಮಸು ಮಾಡಿಸಿ, ಅದರ ಮೇಲೆ ಎರಡೂ ಕಂಬಕ್ಕೆ ಸೇರಿದ ಒಂದೇ ಸ್ಲ್ಯಾಬು ಹಾಕುವುದು ಸರಿಯಾದ ದಾರಿ.

ಸ್ಲ್ಯಾಬು ಹೇಗಿರಬೇಕು

ಅಮೆರಿಕದ ಕಂಪನಿಗಳ ಕೈಪಿಡಿಗಳಲ್ಲಿ ಸಾಮಾನ್ಯವಾಗಿ ಕಾಣುವ ಕನಿಷ್ಠ ಷರತ್ತು 4 ಇಂಚು ದಪ್ಪ, 3,000 ಪಿಎಸ್‌ಐ (ಚದರ ಇಂಚಿಗೆ 3,000 ಪೌಂಡ್ ಒತ್ತಡ ತಾಳುವ) ಕಾಂಕ್ರೀಟು. ಇದನ್ನು ನಮ್ಮ ಲೆಕ್ಕಕ್ಕೆ ತರುವಾಗ ಹಲವರು ಎಡವುತ್ತಾರೆ. 3,000 ಪಿಎಸ್‌ಐ ಎಂದರೆ 20.7 ಮೆಗಾಪಾಸ್ಕಲ್, ಹಾಗಾದರೆ ಎಂ20 (20 ಮೆಗಾಪಾಸ್ಕಲ್ ಬಲದ ದರ್ಜೆ) ಸಾಕು ಎಂದುಕೊಳ್ಳುತ್ತಾರೆ. ಸಾಲದು. ಅಲ್ಲಿ ಬಲ ಅಳೆಯುವುದು ಸಿಲಿಂಡರಿನಾಕಾರದ ಅಚ್ಚಿನಲ್ಲಿ, ಕಾಂಕ್ರೀಟಿಗೆ ನಮ್ಮ ಭಾರತೀಯ ಮಾನಕವಾದ ಐಎಸ್ 456ರ ಪ್ರಕಾರ 150 ಮಿ.ಮೀ. ಘನದಲ್ಲಿ. ಒಂದೇ ಕಾಂಕ್ರೀಟು ಸಿಲಿಂಡರಿನಲ್ಲಿ ಘನದ ಸುಮಾರು ಶೇ. 80ರಷ್ಟು ಬಲವನ್ನಷ್ಟೇ ತೋರಿಸುತ್ತದೆ. ಹಾಗಾಗಿ ಆ ಅಂಕೆಗೆ ಸಮವಾದದ್ದು ಎಂ25. ದಪ್ಪವನ್ನೂ ಕನಿಷ್ಠಕ್ಕೆ ಬಿಡಬೇಡಿ. ಹೊಸದಾಗಿ ಹಾಕಿಸುವುದೇ ಆದರೆ 250 ಮಿ.ಮೀ. ಹಾಕಿಸಿ, ವ್ಯತ್ಯಾಸ ಕೆಲವು ಮೂಟೆ ಸಿಮೆಂಟಿನದು.

4.2 ಮೀ. ಉದ್ದ, 1.8 ಮೀ. ಅಗಲ, 250 ಮಿ.ಮೀ. ದಪ್ಪದ ಸ್ಲ್ಯಾಬು ಎಂದರೆ ಸುಮಾರು 1.9 ಘನ ಮೀಟರ್ ಕಾಂಕ್ರೀಟು. ಅದರ ಸ್ವಂತ ತೂಕವೇ ನಾಲ್ಕೂವರೆ ಟನ್ ಆಗುವುದರಿಂದ ಕಂಬಗಳಿಗೆ ಗಟ್ಟಿ ಬುಡ ಸಿಗುತ್ತದೆ. ರೆಡಿಮಿಕ್ಸ್ ಲಾರಿ ಇಷ್ಟು ಕಡಿಮೆಗೆ ಬರದಿದ್ದರೆ ಮಿಕ್ಸರ್ ಯಂತ್ರದಲ್ಲೇ 1:1:2ರಂತೆ ಕಲಸಬಹುದು: ಇಪ್ಪತ್ತು ಇಪ್ಪತ್ತೊಂದು ಮೂಟೆ ಸಿಮೆಂಟು, ಸುಮಾರು 26 ಘನ ಅಡಿ ಎಂ-ಸ್ಯಾಂಡ್, 52 ಘನ ಅಡಿ 20 ಮಿ.ಮೀ. ಜಲ್ಲಿ. ನೀರು ಮೂಟೆಗೆ 22ರಿಂದ 25 ಲೀಟರಿಗಿಂತ ಹೆಚ್ಚಾಗಬಾರದು. ಸುಲಭವಾಗಿ ಹರಿಯಲಿ ಎಂದು ಮೇಸ್ತ್ರಿ ಇನ್ನೊಂದು ಕೊಡ ಸುರಿದರೆ ಎಂ25 ಹೋಗಿ ಎಂ15 ಆಗುತ್ತದೆ, ನೋಡಲು ಎರಡೂ ಒಂದೇ ಥರ ಇರುತ್ತವೆ. ವೈಬ್ರೇಟರ್ ಬೇಕೇ ಬೇಕು. 12 ಮಿ.ಮೀ. ಕಂಬಿಯನ್ನು 150 ಮಿ.ಮೀ.ಗೆ ಒಂದರಂತೆ ಎರಡೂ ದಿಕ್ಕಿಗೆ, ಕೆಳಗೊಂದು ಮೇಲೊಂದು ಜಾಲರಿಯಾಗಿ ಕಟ್ಟಿಸಿ. ಮೇಲಿನ ಜಾಲರಿಯಲ್ಲಿ ಬೋಲ್ಟು ಬರುವ ಜಾಗಗಳನ್ನು ಕಂಬದ ತಳದ ಪ್ಲೇಟಿನ ಅಳತೆಗೆ ರಟ್ಟು ಕತ್ತರಿಸಿ ಇಟ್ಟು, ಕಂಬಿ ಅಡ್ಡ ಬಾರದಂತೆ ಸರಿಸಿಕೊಳ್ಳಿ. ಕೊರೆಯುವಾಗ ಕಂಬಿ ಸಿಕ್ಕಿ ಒದ್ದಾಡುವುದು ತಪ್ಪುತ್ತದೆ.

ಇನ್ನೊಂದು ಮಾತು ಇಳಿಜಾರಿನದು. ಮಳೆನೀರು ಗೇಟಿನ ಕಡೆ ಹರಿಯಲೆಂದು ಪೋರ್ಟಿಕೊ ನೆಲಕ್ಕೆ ವಾಟ ಕೊಟ್ಟಿರುತ್ತಾರೆ. ಮೀಟರಿಗೆ ಒಂದು ಸೆಂ.ಮೀ. ವಾಟ ಕಣ್ಣಿಗೆ ಕಾಣದು. ಆದರೆ ವಾಟದ ದಿಕ್ಕಿಗೆ ಮೂರು ಮೀಟರ್ ಅಂತರದಲ್ಲಿ ಕಂಬ ನಿಲ್ಲಿಸಿದರೆ ಒಂದು ಕಂಬ 3 ಸೆಂ.ಮೀ. ಕೆಳಗಿರುತ್ತದೆ. ಕಂಬದಡಿಗೆ ಶಿಮ್ ತುಂಬಿ ಸರಿಮಾಡಲು ಕೈಪಿಡಿಗಳು ಬಿಡುವುದು ಹೆಚ್ಚೆಂದರೆ ಅರ್ಧ ಇಂಚು. ಅದಕ್ಕೂ ಮೀರಿ ತಗಡು ಪೇರಿಸಿದರೆ ಬೋಲ್ಟು ಕಾಂಕ್ರೀಟಿನೊಳಗೆ ಹೋಗುವ ಆಳವೇ ಕಡಿಮೆಯಾಗುತ್ತದೆ. ಹಾಗಾಗಿ ಹೊಸ ಸ್ಲ್ಯಾಬನ್ನು ಸಪಾಟಾಗಿಯೇ ಹಾಕಿ, ನೀರಿಗೆ ಅದರ ಸುತ್ತ ದಾರಿ ಮಾಡಿ. ಗೋಣಿತಾಟು ಹೊದಿಸಿ ಹತ್ತು ದಿನವಾದರೂ ಒದ್ದೆಯಾಗಿಡಿ. ಬೋಲ್ಟು ಬಿಗಿಯುವುದು 28 ದಿನ ತುಂಬಿದ ಮೇಲೆ.

ಆಂಕರ್ ಬೋಲ್ಟಿನ ತೂತು ಬೋಲ್ಟಿನಷ್ಟೇ ದಪ್ಪ ಇರಬೇಕು. ಡ್ರಿಲ್ಲಿನ ಸವೆದ ಬಿಟ್ ಸಣ್ಣ ತೂತು ಕೊರೆಯುತ್ತದೆ, ವಾಲಾಡಿದ ಕೈ ದೊಡ್ಡದು ಮಾಡುತ್ತದೆ, ಎರಡೂ ತಪ್ಪೇ. ಕೊರೆದ ಮೇಲೆ ತೂತಿನೊಳಗಿನ ಪುಡಿಯನ್ನು ಬ್ರಷ್ಷಿನಿಂದ ಉಜ್ಜಿ, ಗಾಳಿ ಊದಿ ತೆಗೆಯಿರಿ. ಪುಡಿ ಉಳಿದರೆ ಬೋಲ್ಟಿನ ತುದಿಯ ಬಳೆ ಕಾಂಕ್ರೀಟನ್ನು ಕಚ್ಚದೆ ಪುಡಿಯ ಮೇಲೆ ಜಾರುತ್ತದೆ. ಬಿಗಿಯಲು ಟಾರ್ಕ್ ರೆಂಚ್ ಬೇಕು. ಅಂಕೆ ಆಯಾ ಲಿಫ್ಟಿನ ಕೈಪಿಡಿಯದ್ದೇ ಆಗಬೇಕು. ಆ ಅಂಕೆ ಮುಟ್ಟದೆ ನಟ್ಟು ತಿರುಗುತ್ತಲೇ ಹೋದರೆ ಬೋಲ್ಟು ಮೇಲೇಳುತ್ತಿದೆ, ಕಾಂಕ್ರೀಟು ಸೋತಿದೆ ಎಂದೇ ಅರ್ಥ. ಪಕ್ಕದಲ್ಲೇ ಇನ್ನೊಂದು ತೂತು ಕೊರೆದು ಸಾಗಹಾಕಬೇಡಿ.

ಸೂರು ಮತ್ತು ಅಗಲ

ನಮ್ಮ ಆರ್‌ಸಿಸಿ ಮನೆಗಳಲ್ಲಿ ನೆಲದಿಂದ ಸ್ಲ್ಯಾಬಿಗೆ ಸಾಮಾನ್ಯವಾಗಿ 10 ಅಡಿ, ಅಂದರೆ 3 ಮೀಟರ್. ತೊಲೆ ಇದ್ದಲ್ಲಿ ಅದು ಇನ್ನೂ ಒಂದಡಿ ಕೆಳಗೆ. ಅಡ್ಡತೊಲೆ ಮೇಲಿರುವ ಲಿಫ್ಟಿನ ಒಟ್ಟು ಎತ್ತರ 3.6 ಮೀಟರ್ ಆಸುಪಾಸು, ಅದು ಇಂಥ ಕಡೆ ನಿಲ್ಲುವುದೇ ಇಲ್ಲ. ಅಡ್ಡತೊಲೆಯ ಬದಲು ಎರಡು ಕಂಬಗಳ ನಡುವೆ ನೆಲದ ಮೇಲೆ ಪ್ಲೇಟಿರುವ ಮಾದರಿ 2.8 ಮೀಟರ್ ಆಸುಪಾಸಿನದು, ಕಂಬ ತೊಲೆಯ ಕೆಳಗೆ ಬರದಿದ್ದರೆ ಅದು ನಿಲ್ಲುತ್ತದೆ. ಆದರೆ ಲಿಫ್ಟು ನಿಂತ ಮಾತ್ರಕ್ಕೆ ಕಾರು ಮೇಲೇರುವಂತಿಲ್ಲ. ಕಾರಿನ ಒಟ್ಟು ಎತ್ತರದಿಂದ ಅದರ ಜ್ಯಾಕ್ ಪಾಯಿಂಟಿನ ಎತ್ತರ ಕಳೆಯಿರಿ, ಬಂದದ್ದನ್ನು ಸೂರಿನ ಎತ್ತರದಿಂದ ಕಳೆಯಿರಿ, ಹತ್ತು ಸೆಂ.ಮೀ. ಉಳಿಸಿಕೊಳ್ಳಿ. 1.5 ಮೀ. ಎತ್ತರದ ಹ್ಯಾಚ್‌ಬ್ಯಾಕಿಗೆ ಜ್ಯಾಕ್ ಪಾಯಿಂಟು 20 ಸೆಂ.ಮೀ.ನಲ್ಲಿದ್ದರೆ, 3 ಮೀ. ಸೂರಿನಡಿ ಅದರ ತಳ 1.6 ಮೀಟರಿಗೆ ಏರುತ್ತದೆ. ಕುಳ್ಳಗಿನವರು ನಿಂತು ಕೆಲಸ ಮಾಡಬಹುದು. 1.8 ಮೀ. ಎತ್ತರದ ಎಸ್‌ಯುವಿಗೆ ಇದೇ ಲೆಕ್ಕ ಹಾಕಿದರೆ 1.4 ಮೀಟರಿನ ಹತ್ತಿರ ನಿಲ್ಲುತ್ತದೆ, ಸ್ಟೂಲಿನ ಮೇಲೆ ಕೂತೇ ಕೆಲಸ. ಎತ್ತಿದ ಮೇಲೆ ಬಾನೆಟ್ಟು ತೆರೆಯಬೇಕೆಂದರೆ ಇನ್ನಷ್ಟು ಜಾಗ ಬೇಕು. ಸಂದಿಯಲ್ಲಿರುವ ಫ್ಯಾನು, ಟ್ಯೂಬ್‌ಲೈಟು, ಸುತ್ತಿಕೊಂಡ ರೋಲಿಂಗ್ ಶಟರಿನ ಪೆಟ್ಟಿಗೆಯನ್ನು ಅಳೆಯದೆ ಮರೆಯುವವರೇ ಹೆಚ್ಚು.

14 ಅಡಿ ಎತ್ತರದ ಶೀಟ್ ಶೆಡ್ಡು ಇದ್ದವರಿಗೆ ಈ ತಾಪತ್ರಯವಿಲ್ಲ. ಅವರು ಮೇಲ್ತೊಲೆಯ ಮಾದರಿಯನ್ನೇ ಆರಿಸಲಿ. ಕೊಳವೆ, ಕೇಬಲ್ಲು ಎಲ್ಲ ಮೇಲೆ ಹೋಗಿ ನೆಲ ಖಾಲಿ ಇರುತ್ತದೆ. ಕಂಬಗಳ ನಡುವೆ ನೆಲದ ಪ್ಲೇಟು ಇದ್ದರೆ ಗೇರ್‌ಬಾಕ್ಸ್ ಇಳಿಸಿದ ಜ್ಯಾಕನ್ನು ತಳ್ಳಿಕೊಂಡು ಹೋಗುವಾಗ ಚಕ್ರ ಪ್ರತಿ ಸಲ ಅದಕ್ಕೆ ತಗಲುತ್ತದೆ. ಮೇಲ್ತೊಲೆಯಲ್ಲಿ ಕಾರಿನ ಸೂರು ತಗಲಿದರೆ ಮೋಟಾರು ನಿಲ್ಲಿಸುವ ಅಡ್ಡಪಟ್ಟಿ ಮತ್ತು ಲಿಮಿಟ್ ಸ್ವಿಚ್ ಇದೆಯೇ ನೋಡಿ.

ಅಗಲದಲ್ಲಿ ಲಿಫ್ಟಿನ ಹೊರ ಅಳತೆ 3.4 ಮೀಟರ್ ಆಸುಪಾಸು. ಕಂಬದ ಆಚೆ ಮನುಷ್ಯ ಓಡಾಡಲು ಜಾಗ ಸೇರಿ ಗೋಡೆಯಿಂದ ಗೋಡೆಗೆ 4.2 ಮೀಟರ್, ಅಂದರೆ 14 ಅಡಿ ಬೇಕು. 30-40 ಸೈಟಿನ ಮನೆಯಲ್ಲಿ ಕಾರಿಗೆ ಬಿಡುವ ಹತ್ತಡಿಯಲ್ಲಿ ಟು-ಪೋಸ್ಟ್ ಕೂರುವುದಿಲ್ಲ. ಅಲ್ಲಿಗೆ ಕತ್ತರಿಯಂತೆ ತೆರೆದುಕೊಂಡು ಒಂದು ಮೀಟರ್ ಎತ್ತುವ ಸಿಜರ್ ಲಿಫ್ಟು ಸೂಕ್ತ, ಅದಕ್ಕೆ ಆಂಕರಿನ ಗೋಜೂ ಕಡಿಮೆ. ಹೊಂಡ ತೋಡಿಸುವ ಯೋಚನೆ ಬೇಡ. ಪೆಟ್ರೋಲಿನ ಆವಿ ಗಾಳಿಗಿಂತ ಭಾರ, ಹೊಂಡದಲ್ಲಿ ಇಳಿದು ನಿಲ್ಲುತ್ತದೆ, ಒಂದು ಕೈದೀಪದ ಬಲ್ಬು ಒಡೆದರೂ ಸಾಕು.

ತೋಳು, ಪ್ಯಾಡು, ಕಾರಿನ ಜಾತಿ

ಕಂಬಗಳು ಎದುರುಬದುರಾಗಿ ನಿಂತು ತೋಳುಗಳೆಲ್ಲ ಹೆಚ್ಚುಕಡಿಮೆ ಸಮ ಉದ್ದವಿದ್ದರೆ ಅದು ಸಿಮೆಟ್ರಿಕ್ ಮಾದರಿ. ಕಂಬಗಳು ಓರೆಯಾಗಿ ತಿರುಗಿದ್ದು, ಮುಂದಿನ ತೋಳು ಚಿಕ್ಕದು, ಹಿಂದಿನದು ಉದ್ದ ಇದ್ದರೆ ಅಸಿಮೆಟ್ರಿಕ್. ಎರಡನೆಯದರಲ್ಲಿ ಕಾರು ಹಿಂದಕ್ಕೆ ಸರಿದು ನಿಲ್ಲುವುದರಿಂದ ಮುಂದಿನ ಬಾಗಿಲು ಕಂಬಕ್ಕೆ ಬಡಿಯುವುದಿಲ್ಲ. ಎಂಜಿನ್ ಮುಂದಿರುವ ಸಾಮಾನ್ಯ ಕಾರುಗಳಿಗೆ ಇದೇ ಒಳ್ಳೆಯದು. ಬೊಲೆರೊ, ಪಿಕಪ್‌ನಂಥ ಉದ್ದ, ಹಿಂಭಾರದ ಗಾಡಿಗಳಿಗೆ ಸಿಮೆಟ್ರಿಕ್ ವಾಸಿ.

4 ಟನ್ನಿನ ಲಿಫ್ಟಿನ ಒಂದೊಂದು ತೋಳಿನ ಮಿತಿ ಒಂದು ಟನ್ ಮಾತ್ರ ಎಂಬುದು ನೆನಪಿರಲಿ. ಕೊಳ್ಳುವ ಮುನ್ನ ತೋಳು ಚಾಚಿದ ಅಳತೆಯಷ್ಟೇ ಅಲ್ಲ, ಪೂರ್ತಿ ಮಡಚಿದ ಅಳತೆಯನ್ನೂ ಕೇಳಿ. ಹಳೆಯ ಆಲ್ಟೊ 800 ಕಾರಿನ ಮುಂದಿನ ಮತ್ತು ಹಿಂದಿನ ಚಕ್ರಗಳ ಅಂತರ 2,360 ಮಿ.ಮೀ. ಅಷ್ಟೇ. ದೊಡ್ಡ ಗಾಡಿಗೆಂದು ಮಾಡಿದ ಉದ್ದ ತೋಳು ಎಷ್ಟು ಮಡಚಿದರೂ ಅದರ ಜ್ಯಾಕ್ ಪಾಯಿಂಟಿಗೆ ಕೂರದೆ ಆಚೆ ಹೋಗಬಹುದು. ಮೂರು ಹಂತದಲ್ಲಿ ಮಡಚುವ ಮುಂದಿನ ತೋಳು ಇದ್ದರೆ ಈ ತೊಂದರೆ ತಪ್ಪುತ್ತದೆ.

ಸಣ್ಣ ಕಾರುಗಳಲ್ಲಿ ತೋಳಿನ ತುದಿಯ ಪ್ಯಾಡು ಕೂರಬೇಕಾದದ್ದು ಬಾಗಿಲಿನ ಕೆಳಗಿನ ತಗಡಿನ ಮಡಿಕೆಯಲ್ಲಿ, ಕಂಪನಿ ಗುರುತು ಮಾಡಿರುವ ಜಾಗದಲ್ಲಿ. ಸೀಳು ಇರುವ ರಬ್ಬರ್ ಪ್ಯಾಡು ಹಾಕದಿದ್ದರೆ ಮಡಿಕೆ ನಜ್ಜುಗುಜ್ಜಾಗಿ ಅಲ್ಲಿಂದಲೇ ತುಕ್ಕು ಶುರು. ಸ್ಕಾರ್ಪಿಯೊ, ಥಾರ್, ಇನ್ನೋವಾ ಕ್ರಿಸ್ಟಾದಂಥ ಚಾಸಿ ಗಾಡಿಗಳಲ್ಲಿ ಪ್ಯಾಡು ಚಾಸಿಗೆ, ಅಂದರೆ ಬಾಡಿಯ ಕೆಳಗಿನ ಉಕ್ಕಿನ ಚೌಕಟ್ಟಿಗೆ ಕೂರಬೇಕು. ಅದು ಒಳಗೂ ಮೇಲೂ ಇರುವುದರಿಂದ ಮೂರು ಮತ್ತು ಆರು ಇಂಚಿನ ಎತ್ತರದ ಅಡಾಪ್ಟರುಗಳನ್ನು ಲಿಫ್ಟಿನ ಜೊತೆಗೇ ಕೇಳಿ ಪಡೆಯಿರಿ. ಇಲ್ಲದಿದ್ದರೆ ತೋಳು ಫುಟ್‌ಬೋರ್ಡಿಗೆ ಒತ್ತುತ್ತದೆ. ವಿದ್ಯುತ್ ಕಾರುಗಳ ತಳದಲ್ಲಿ ಬಹುಪಾಲು ಬ್ಯಾಟರಿಯೇ ಇರುತ್ತದೆ. ಪ್ಯಾಡಿನ ಅಂಚೂ ಬ್ಯಾಟರಿ ಪೆಟ್ಟಿಗೆಗೆ ತಾಗಬಾರದು.

ಕರೆಂಟು ಮತ್ತು ಲಾಕು

ಎಣ್ಣೆಯ ಒತ್ತಡದಿಂದ ಎತ್ತುವ ಹೈಡ್ರಾಲಿಕ್ ಲಿಫ್ಟಿನ ಪವರ್ ಪ್ಯಾಕಿನಲ್ಲಿ (ಮೋಟಾರು, ಪಂಪು, ಎಣ್ಣೆಯ ತೊಟ್ಟಿ ಸೇರಿದ ಘಟಕ) ಸಾಮಾನ್ಯವಾಗಿ ಇರುವುದು 3 ಎಚ್‌ಪಿ, ಅಂದರೆ 2.2 ಕಿಲೋವ್ಯಾಟಿನ ಮೋಟಾರು. ಸಿಂಗಲ್ ಫೇಸಿನಲ್ಲಿ ಓಡುವಾಗ 15 ಆಂಪಿಯರ್ ಹತ್ತಿರ, ಶುರುವಾಗುವ ಕ್ಷಣದಲ್ಲಿ ಅದರ ಹಲವು ಪಟ್ಟು ಎಳೆಯುತ್ತದೆ. ಗೀಸರಿನ ಪ್ಲಗ್ಗಿಗೆ ಸಿಕ್ಕಿಸುವಂತಿಲ್ಲ. ಮೀಟರ್ ಬೋರ್ಡಿನಿಂದ ಪ್ರತ್ಯೇಕವಾಗಿ 4 ಚದರ ಮಿ.ಮೀ. ತಾಮ್ರದ ವೈರು, 32 ಆಂಪಿಯರಿನ ಸಿ-ಕರ್ವ್ ಎಂಸಿಬಿ, ಸರಿಯಾದ ಅರ್ಥಿಂಗ್ ಬೇಕು. ವೋಲ್ಟೇಜು 230ರಿಂದ 180ಕ್ಕೆ ಇಳಿದರೆ ಮೋಟಾರಿನ ಬಲ ಹತ್ತರಲ್ಲಿ ಆರು ಪಾಲಿಗೆ ಇಳಿಯುತ್ತದೆ. ಗುಂಯ್‌ಗುಟ್ಟುತ್ತದೆ, ತಿರುಗುವುದಿಲ್ಲ, ಹಾಗೇ ಬಿಟ್ಟರೆ ಸುಡುತ್ತದೆ. ಮನೆಗೆ ತ್ರೀ ಫೇಸ್ ಸಂಪರ್ಕವಿದ್ದರೆ ತ್ರೀ ಫೇಸ್ ಮೋಟಾರೇ ಉತ್ತಮ, ಫೇಸಿಗೆ 5 ಆಂಪಿಯರಿನಷ್ಟರಲ್ಲಿ ಮುಗಿಯುತ್ತದೆ. ಬಿಲ್ಲಿನಲ್ಲಿ ಮಂಜೂರಾದ ಲೋಡು ಎಷ್ಟಿದೆ ನೋಡಿಕೊಳ್ಳಿ. ಲೈನ್‌ಮನ್ ಕಂಬದಲ್ಲಿ ಕೆಲಸ ಮಾಡಿ ಹೋದ ಮೇಲೆ ಫೇಸು ಅದಲುಬದಲಾದರೆ ಮೋಟಾರು ಉಲ್ಟಾ ತಿರುಗಿ ಎಣ್ಣೆ ಎತ್ತುವುದಿಲ್ಲ. ಪಂಪ್‌ಸೆಟ್ ಇರುವ ರೈತರಿಗೆ ಇದು ಗೊತ್ತಿರುವ ರೋಗ, ಮದ್ದೂ ಅದೇ: ಯಾವುದಾದರೂ ಎರಡು ಫೇಸ್ ಅದಲುಬದಲು ಮಾಡಿಸುವುದು.

ಕಾರು ಬೇಕಾದ ಎತ್ತರಕ್ಕೆ ಏರಿದ ಮೇಲೆ ಲಿವರ್ ಒತ್ತಿ ಸ್ವಲ್ಪ ಇಳಿಸಿ, ಎರಡೂ ಕಡೆಯ ಯಾಂತ್ರಿಕ ಲಾಕಿನ ಮೇಲೆ ಕೂರಿಸಲೇಬೇಕು. ಬರೀ ಎಣ್ಣೆಯ ಒತ್ತಡದ ಮೇಲೆ ನಿಂತ ಕಾರಿನಡಿ ಕೈ ಕೂಡ ಇಡಬಾರದು. ಆದರೆ ಲಾಕಿನ ಮೇಲೆ ಕೂತ ಕಾರನ್ನು ಇಳಿಸಬೇಕಾದರೆ ಮೊದಲು ಒಂದೆರಡು ಇಂಚು ಮೇಲೆತ್ತಿ ಲಾಕು ಬಿಡಿಸಬೇಕು. ಅದಕ್ಕೆ ಕರೆಂಟು ಬೇಕು. ಮನೆಯ ಇನ್ವರ್ಟರಿಗೆ ಈ ಮೋಟಾರು ಓಡಿಸುವ ತಾಕತ್ತಿಲ್ಲ. ಸಂಜೆ ಕರೆಂಟು ಹೋದರೆ ಕಾರು ಮೇಲೆಯೇ ಉಳಿಯಿತು. ನಮ್ಮಲ್ಲಿ ಕೊಳ್ಳುವವರು ಕೈಪಂಪು ಇರುವ ಪವರ್ ಪ್ಯಾಕ್ ಸಿಗುತ್ತದೆಯೇ ಎಂದು ಮೊದಲೇ ಕೇಳುವುದು ಇದಕ್ಕಾಗಿ. ಲಾಕು ಬಿಡಿಸುವುದು ಕೂಡ ವಿದ್ಯುತ್ಕಾಂತದಿಂದಲೋ ಕೈಯ ಹಗ್ಗದಿಂದಲೋ ಎಂಬುದನ್ನು ನೋಡಿ. ಕೈಯದ್ದೇ ಇರಲಿ.

ಎರಡು ಕಂಬಗಳಲ್ಲಿ ತೋಳುಗಳನ್ನು ಹೊತ್ತು ಏರಿಳಿಯುವ ಭಾಗಗಳು ಒಂದೇ ಮಟ್ಟದಲ್ಲಿ ಏರುವಂತೆ ನೋಡಿಕೊಳ್ಳುವುದು ಉಕ್ಕಿನ ಕೇಬಲ್ಲು. ಏರುವಾಗ ಎರಡೂ ಕಡೆಯ ಲಾಕು ಒಟ್ಟಿಗೇ ‘ಟಕ್’ ಎನ್ನಬೇಕು. ಒಂದು ಮೊದಲು, ಇನ್ನೊಂದು ಆಮೇಲೆ ಸದ್ದು ಮಾಡಿದರೆ ಕೇಬಲ್ಲು ಸಡಿಲವಾಗಿದೆ. ಕಂಬದೊಳಗಿನ ಉದ್ದ ಸ್ಕ್ರೂ ತಿರುಗಿ ಎತ್ತುವ ಮಾದರಿಯಲ್ಲಿ ಎಣ್ಣೆಯಿಲ್ಲ, ಆದರೆ ಭಾರ ಹೊರುವ ನಟ್ಟು ಸವೆಯುತ್ತದೆ. ಅದರ ಕೆಳಗಿನ ಸುರಕ್ಷಾ ನಟ್ಟಿಗೂ ಇದಕ್ಕೂ ನಡುವಿನ ಸಂದಿ ಕಡಿಮೆಯಾಗುತ್ತಿದೆಯೇ ಎಂದು ಅಳೆಯುತ್ತಿರಬೇಕು.

ಕೊಯಮತ್ತೂರಿನ ಎಟಿಎಸ್ ಎಲ್ಜಿ, ಬೆಂಗಳೂರಿನ ಮಧುಸ್ ಹೀಗೆ ನಮ್ಮ ಸುತ್ತಲೇ ಗ್ಯಾರೇಜ್ ಸಲಕರಣೆಯ ಕಂಪನಿಗಳಿವೆ, ಬಿಡಿಭಾಗಕ್ಕೆ ಅಲೆಯುವುದು ತಪ್ಪುತ್ತದೆ. ಹೊರಗಿನಿಂದ ತರಿಸುವ ಮಾಲಾದರೆ ಬರೀ ಸಿಇ ಸ್ಟಿಕರ್ ನಂಬಬೇಡಿ. ಯುರೋಪಿನ ಲಿಫ್ಟ್ ಸುರಕ್ಷತಾ ಮಾನದಂಡವಾದ ಇಎನ್ 1493 ಅಥವಾ ಅಮೆರಿಕದ ಲಿಫ್ಟ್ ಸಂಸ್ಥೆಯಾದ ಎಎಲ್‌ಐ ಪ್ರಮಾಣಪತ್ರದಲ್ಲಿ ಅದೇ ಮಾಡೆಲ್ ಸಂಖ್ಯೆ ಇದೆಯೇ ಓದಿ ನೋಡಿ. ಸೆಕೆಂಡ್ ಹ್ಯಾಂಡ್ ಆದರೆ ತಳದ ಪ್ಲೇಟಿನ ಬೆಸುಗೆಯ ಸುತ್ತ ಬಣ್ಣ ಕೆರೆದು ಬಿರುಕು ಹುಡುಕಿ. ತೋಳನ್ನು ಮೇಲೆ ಕೆಳಗೆ ಅಲ್ಲಾಡಿಸಿ ಪಿನ್ನಿನ ಸಡಿಲ ನೋಡಿ, ಸಿಲಿಂಡರಿನ ರಾಡಿನಲ್ಲಿ ತುಕ್ಕಿನ ಚುಕ್ಕೆ ಇದ್ದರೆ ಸೀಲು ಬಾಳುವುದಿಲ್ಲ. ಹಳೆಯ ಆಂಕರ್ ಬೋಲ್ಟುಗಳನ್ನು ಮತ್ತೆ ಬಳಸುವ ಮಾತೇ ಇಲ್ಲ.

ಕೂರಿಸಿದ ದಿನ ಮೊದಲು ಖಾಲಿ ತೋಳುಗಳನ್ನು ಹಲವು ಸಲ ಏರಿಸಿ ಇಳಿಸಿ ಗಾಳಿ ಹೊರಹಾಕಿ. ಆಮೇಲೆ ಹಗುರವಾದ ಕಾರನ್ನು ಚಕ್ರ ನೆಲ ಬಿಡುವಷ್ಟು ಎತ್ತಿ, ಮುಂದಿನಿಂದಲೂ ಹಿಂದಿನಿಂದಲೂ ಜೋರಾಗಿ ಅಲುಗಿಸಿ. ಪ್ಯಾಡು ಜರುಗಿದರೆ ಇಳಿಸಿ ಸರಿಮಾಡಿ. ಮುಂದಿನ ಚಕ್ರದಿಂದ ಓಡುವ ಕಾರಿನ ತೂಕ ಶೇ. 60ರಷ್ಟು ಮುಂದೆಯೇ ಇರುತ್ತದೆ. ಎಂಜಿನ್ನೋ ಗೇರ್‌ಬಾಕ್ಸೋ ಇಳಿಸಿದ ಕ್ಷಣ ಆ ಲೆಕ್ಕ ತಲೆಕೆಳಗಾಗಿ ಹಿಂಭಾಗ ಕೆಳಕ್ಕೆ ವಾಲುತ್ತದೆ. ಅಂಥ ಕೆಲಸಕ್ಕೆ ಕೈ ಹಾಕುವ ಮುನ್ನವೇ ಹಿಂದುಗಡೆ ಎತ್ತರದ ಸ್ಟ್ಯಾಂಡು ಕೊಟ್ಟಿರಬೇಕು. ಒಂದು ವಾರ ಬಳಸಿದ ಮೇಲೆ ಎಲ್ಲ ಆಂಕರ್ ಬೋಲ್ಟುಗಳ ಟಾರ್ಕ್ ಮತ್ತೆ ನೋಡಿ, ನಟ್ಟಿನಿಂದ ಪ್ಲೇಟಿಗೆ ಬಣ್ಣದಲ್ಲಿ ಒಂದು ಗೆರೆ ಎಳೆಯಿರಿ. ಮುಂದೆ ತಿಂಗಳಿಗೊಮ್ಮೆ ನೋಡುವಾಗ ಗೆರೆ ಮುರಿದಿದ್ದರೆ ನಟ್ಟು ತಿರುಗಿದೆ. ಗೆರೆ ಸರಿಯಿದ್ದು ಪ್ಲೇಟಿನ ಹೊರ ಅಂಚಿನಡಿ ತೆಳು ತಗಡು ತೂರುವಷ್ಟು ಸಂದಿ ಕಂಡರೆ ಬೋಲ್ಟೇ ಮೇಲೇಳುತ್ತಿದೆ. ಆ ಸ್ಲ್ಯಾಬು ರಿಪೇರಿಯಾಗುವವರೆಗೆ ಅದರ ಮೇಲೆ ಕಾರು ಎತ್ತಕೂಡದು.